ತೂಕ ಇಳಿದ ಮೇಲಿನ ದೇಹವನ್ನು ತೋರಿಸುವ ಸಾಧನಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ತೀರ್ಥಹಳ್ಳಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ಶಿಕ್ಷಕಿ. ವಯಸ್ಸು 43, ಎತ್ತರ 158 ಸೆಂ.ಮೀ., ತೂಕ 78 ಕೆ.ಜಿ. ಈ ವರ್ಷದ ಆರಂಭದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ, ಅಂದರೆ ಎಚ್‌ಬಿಎ1ಸಿ, 6.1 ಎಂದು ಬಂದಿತು. ಇದು ಸಕ್ಕರೆ ಕಾಯಿಲೆಯಲ್ಲ, ಅದರ ಹೊಸ್ತಿಲು ಎಂದು ತಿಳಿಸಿದ ವೈದ್ಯರು, ಐದಾರು ಕೆ.ಜಿ. ಇಳಿಸಿಕೊಂಡು ಮತ್ತೊಮ್ಮೆ ಪರೀಕ್ಷೆ ಮಾಡಿಸುವಂತೆ ಹೇಳಿ ಕಳುಹಿಸಿದರು.

ಶಿವಮೊಗ್ಗದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳು ರಜೆಗೆ ಬಂದಿದ್ದಾಗ ಈ ವಿಷಯ ಕೇಳಿ, "ಅತ್ತೆ, ಇಳಿದ ಮೇಲೆ ನೀವು ಹೇಗೆ ಕಾಣುತ್ತೀರಿ ಎಂಬುದನ್ನು ಈಗಲೇ ನೋಡಬಹುದು" ಎಂದು ತನ್ನ ಮೊಬೈಲಿನಲ್ಲಿ ಒಂದು ಜಾಲತಾಣವನ್ನು ತೆರೆದಳು. ಎತ್ತರ, ಈಗಿನ ತೂಕ, ಗುರಿಯ ತೂಕ 60 ಎಂದು ತುಂಬಿದ ಕೂಡಲೇ ಅಕ್ಕಪಕ್ಕದಲ್ಲಿ ಎರಡು ಬೂದು ಬಣ್ಣದ ಗೊಂಬೆಗಳು ನಿಂತವು. ಅದರಿಂದ ತೃಪ್ತಳಾಗದೆ ಅವಳು ಬೇರೊಂದು ಆ್ಯಪ್‌ಗೆ ನನ್ನ ಫೋಟೊವನ್ನೇ ಹಾಕಿದಳು. ಅದು ಕೊಟ್ಟ ಚಿತ್ರದಲ್ಲಿದ್ದವಳು ನಾನು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಕತ್ತು ಉದ್ದವಾಗಿತ್ತು, ಭುಜಗಳು ಕಿರಿದಾಗಿದ್ದವು, ಮೈಬಣ್ಣ ತಿಳಿಯಾಗಿತ್ತು, ಇಪ್ಪತ್ತು ವರ್ಷಗಳಿಂದ ತೆಗೆಯದ ನನ್ನ ಮೂಗುತಿ ಮಾಯವಾಗಿತ್ತು.

ನಗಬೇಡಿ, ಆ ಚಿತ್ರವನ್ನು ನಾನು ಅಳಿಸಿಲ್ಲ. ರಾತ್ರಿ ಮಲಗುವ ಮುನ್ನ ಒಮ್ಮೆ ನೋಡುತ್ತೇನೆ, ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ಎದುರಿಗಿರುವವಳ ಮೇಲೆ ಕೋಪ ಬರುತ್ತದೆ. ಇಂಥ ಚಿತ್ರಗಳು ನಿಜಕ್ಕೆ ಎಷ್ಟು ಹತ್ತಿರ ಇರುತ್ತವೆ? ಎರಡೂ ಬಗೆಯ ಸಾಧನಗಳಲ್ಲಿ ಯಾವುದನ್ನಾದರೂ ನಂಬಬಹುದೆ? ಇವನ್ನು ನೋಡುವುದರಿಂದ ಛಲ ಹೆಚ್ಚುತ್ತದೆಯೋ, ಇಲ್ಲ ಇರುವುದೂ ಕುಗ್ಗುತ್ತದೆಯೋ? ಫೋಟೊ ಹಾಕಿದ್ದರಿಂದ ತೊಂದರೆಯೇನಾದರೂ ಆದೀತೆ ಎಂಬ ಅಳುಕೂ ಇದೆ. ಬಲ್ಲವರು ದಯವಿಟ್ಟು ತಿಳಿಸಿ.

ವಿನೋಬನಗರದ ತಂತ್ರಾಂಶಿಗ

ಮೇಡಂ, ನೀವು ನೋಡಿದ ಎರಡು ಸಾಧನಗಳು ಮೇಲ್ನೋಟಕ್ಕೆ ಒಂದೇ ಕೆಲಸ ಮಾಡಿದಂತೆ ಕಂಡರೂ ಒಳಗೆ ಅವುಗಳಿಗೆ ಸಂಬಂಧವೇ ಇಲ್ಲ.

ಬೂದು ಗೊಂಬೆಯ ಹಿಂದೆ ಸಾಮಾನ್ಯವಾಗಿ ಅಳತೆಯ ಲೆಕ್ಕವಿರುತ್ತದೆ. ಸಾವಿರಾರು ಜನರನ್ನು ಸ್ಕ್ಯಾನರ್‌ನ ಮುಂದೆ ನಿಲ್ಲಿಸಿ ಅವರ ಮೈಯ ಉಬ್ಬುತಗ್ಗುಗಳನ್ನೆಲ್ಲ ದಾಖಲಿಸಿಕೊಂಡು, ಎತ್ತರ ಮತ್ತು ತೂಕ ಬದಲಾದಂತೆ ಸೊಂಟ, ತೊಡೆ, ತೋಳುಗಳು ಸರಾಸರಿ ಹೇಗೆ ಬದಲಾಗುತ್ತವೆ ಎಂಬುದನ್ನು ಕಂಪ್ಯೂಟರಿಗೆ ಕಲಿಸಿರುತ್ತಾರೆ. ಜರ್ಮನಿಯ ಟ್ಯೂಬಿಂಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರ 'ಬಾಡಿ ವಿಶುವಲೈಜರ್' ಈ ಜಾತಿಯದು. ಇದೇ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ 'ಎಸ್‌ಎಂಪಿಎಲ್' ಎಂಬ ದೇಹದ ಮಾದರಿಯು ಸುಮಾರು 1,700 ಗಂಡಸರ ಮತ್ತು 2,100 ಹೆಂಗಸರ ಸ್ಕ್ಯಾನ್‌ಗಳಿಂದ ಆಕಾರವನ್ನು ಕಲಿತದ್ದು. ಆ ಸ್ಕ್ಯಾನ್‌ಗಳು 'ಸೀಸರ್' ಎಂಬ ಹೆಸರಿನಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ನಡೆದ ಅಳತೆಯ ಸಮೀಕ್ಷೆಯವು. ಅಂದರೆ 158 ಸೆಂ.ಮೀ., 60 ಕೆ.ಜಿ. ಎಂದು ನೀವು ಕೊಟ್ಟಾಗ ಇಂಥ ಗೊಂಬೆ ತೋರಿಸುವುದು ಅಷ್ಟೇ ಎತ್ತರ ಮತ್ತು ತೂಕವಿರುವ ಅಲ್ಲಿನ ಹೆಂಗಸರ ಸರಾಸರಿ ಮೈಕಟ್ಟನ್ನು. ಎದೆ, ಸೊಂಟ, ಪೃಷ್ಠದ ಸುತ್ತಳತೆಗಳನ್ನೂ ಕೇಳುವ ಸಾಧನವಾದರೆ ನಿಮ್ಮ ಈಗಿನ ದೇಹಕ್ಕೆ ತಕ್ಕಮಟ್ಟಿಗೆ ಹತ್ತಿರ ಬರುತ್ತದೆ. ಆದರೆ ಮುಂದಿನ ದೇಹದ ಸುತ್ತಳತೆ ನಿಮಗೂ ತಿಳಿಯದು, ಅದಕ್ಕೂ ತಿಳಿಯದು.

ಎರಡನೆಯದರಲ್ಲಿ ಅಷ್ಟೂ ಇಲ್ಲ. ಕೃತಕ ಬುದ್ಧಿಮತ್ತೆಯ ಈ ಆ್ಯಪ್‌ಗಳು ಅಂತರಜಾಲದ ಲೆಕ್ಕವಿಲ್ಲದಷ್ಟು ಚಿತ್ರಗಳನ್ನು ನೋಡಿ ಬೆಳೆದಂಥವು. 'ತೆಳ್ಳಗೆ' ಎಂಬ ಮಾತಿನ ಜೊತೆ ಆ ಚಿತ್ರಗಳಲ್ಲಿ ಏನೇನು ಇದ್ದಿತೋ ಅದೆಲ್ಲವನ್ನೂ, ಬಿಳಿ ಬಣ್ಣ, ನೀಳ ಕತ್ತು, ನುಣುಪು ಚರ್ಮ ಸಮೇತ, ಒಟ್ಟಿಗೆ ತಂದು ಸುರಿಯುತ್ತವೆ. ನಿಮ್ಮ ಮೂಗುತಿ ಹೋದದ್ದು ಹಾಗೆ. ನಾನೂ ಒಮ್ಮೆ ಪರೀಕ್ಷಿಸಿದ್ದೇನೆ. 84 ಕೆ.ಜಿ. ಇದ್ದ ಕಾಲದ ನನ್ನ ಹಳೆಯ ಫೋಟೊವೊಂದನ್ನು ಹಾಕಿ 70 ಕೆ.ಜಿ.ಯ ಚಿತ್ರವನ್ನು ಕೇಳಿದೆ. 70 ಆದಾಗಿನ ನಿಜವಾದ ಫೋಟೊ ನನ್ನ ಬಳಿ ಮೊದಲೇ ಇತ್ತು. ಪಕ್ಕದಲ್ಲಿಟ್ಟು ನೋಡಿದರೆ, ಆ್ಯಪ್‌ನ ಚಿತ್ರದಲ್ಲಿದ್ದ ದವಡೆ ನಮ್ಮ ವಂಶದಲ್ಲಿಯೇ ಯಾರಿಗೂ ಇಲ್ಲ. ಗುರಿಯನ್ನು 70ರ ಬದಲು 76 ಎಂದು ಕೊಟ್ಟಾಗಲೂ ಹೆಚ್ಚುಕಡಿಮೆ ಅದೇ ಚಿತ್ರ ಬಂದಿತು, ಅಂದರೆ ಅದರೊಳಗೆ ತಕ್ಕಡಿ ಎಂಬುದೇ ಇರಲಿಲ್ಲ.

ಫೋಟೊದ ಬಗ್ಗೆ: ಆ್ಯಪ್‌ ಅನ್ನು ಮೊಬೈಲಿನಿಂದ ಅಳಿಸಿದರೆ ಅವರ ಸರ್ವರ್‌ಗೆ ಹೋದ ಚಿತ್ರ ಅಳಿಯುವುದಿಲ್ಲ. ಮೊದಲು ಖಾತೆಯ ಒಳಗೆ ಹೋಗಿ ಚಿತ್ರವನ್ನೂ ಖಾತೆಯನ್ನೂ ಅಳಿಸಲು ಕೋರಿ, ಆಮೇಲೆ ಆ್ಯಪ್‌ ತೆಗೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದತ್ತಾಂಶವನ್ನು ಅಳಿಸುವಂತೆ ಕೇಳುವ ಹಕ್ಕನ್ನು ಹೇಳಿದೆಯಾದರೂ, ಎಲ್ಲೋ ದೂರದೇಶದಲ್ಲಿ ಕುಳಿತ ಕಂಪನಿಯ ವಿರುದ್ಧ ಅದನ್ನು ಚಲಾಯಿಸಲು ತೀರ್ಥಹಳ್ಳಿಯಿಂದ ಹೊರಡುವುದು ಸುಲಭವಲ್ಲ. ಇನ್ನು ಮುಂದೆ ಮುಖವಿರುವ ಚಿತ್ರವನ್ನು ಹಾಕಬೇಡಿ, ಬಿಗಿ ಉಡುಪಿನ ಚಿತ್ರ ಕೇಳುವ ಆ್ಯಪ್‌ಗಳ ತಂಟೆಗೇ ಹೋಗಬೇಡಿ.

ಹೊಸನಗರದ ಅಡಿಕೆ ಬೆಳೆಗಾರ

ತಂತ್ರದ ವಿಷಯ ನನಗೆ ತಿಳಿಯದು, ಇಳಿಸಿಕೊಂಡವನ ಅನುಭವವನ್ನಷ್ಟೇ ಹೇಳುತ್ತೇನೆ. ನನ್ನ ಎತ್ತರ 171 ಸೆಂ.ಮೀ.; 14 ತಿಂಗಳಲ್ಲಿ 92 ಕೆ.ಜಿ.ಯಿಂದ 76ಕ್ಕೆ ಬಂದೆ. ಆರಂಭದಲ್ಲಿ ಮಗ ಅಂಥದ್ದೇ ಬೂದು ಗೊಂಬೆಯನ್ನು ತೋರಿಸಿದ್ದ. 76ರ ಗೊಂಬೆಗೆ ಹೊಟ್ಟೆ ಎಂಬುದು ಇರಲಿಲ್ಲ, ಎದೆಯಿಂದ ನೇರ ಇಳಿಜಾರು.

ನನಗಾದದ್ದು ಬೇರೆ. ಮೊದಲ ಐದು ಕೆ.ಜಿ. ಮುಖ ಮತ್ತು ಕತ್ತಿನಿಂದ ಹೋಯಿತು, ಅದರ ನಂತರ ತೊಡೆ, ಆಮೇಲೆ ತೋಳು. ಹೊಟ್ಟೆ ಮಾತ್ರ ಮನೆಯ ಹಿರಿಯನಂತೆ ಕಡೆಯವರೆಗೆ ಕುಳಿತೇ ಇತ್ತು. ನಡುವೆ ನಾಲ್ಕು ತಿಂಗಳು ನಾನು ಹಿಂದಿಗಿಂತ ಕೆಟ್ಟದಾಗಿಯೇ ಕಾಣುತ್ತಿದ್ದೆ; ಕೆನ್ನೆ ಒಳಗೆ ಹೋಗಿ, ಕಾಲು ಸಣಕಲಾಗಿ, ಹೊಟ್ಟೆ ಹಾಗೆಯೇ ಇದ್ದರೆ ಹೇಗಿರಬೇಡ! ಮದುವೆಮನೆಯಲ್ಲಿ ಸಿಕ್ಕಿದ ನೆಂಟರೆಲ್ಲ ಪಕ್ಕಕ್ಕೆ ಕರೆದು, "ಏನು ಭಾವ, ಆರೋಗ್ಯ ಸರಿಯಿದೆಯಷ್ಟೆ? ಸಕ್ಕರೆ ಗಿಕ್ಕರೆ ಏನಾದರೂ?" ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ನಮ್ಮ ಕಡೆ ತೆಳ್ಳಗಾದವನನ್ನು ಹೊಗಳುವ ರೂಢಿಯಿಲ್ಲ, ಮೊದಲು ಅನುಮಾನಿಸುತ್ತಾರೆ. ಈ ನಡುವಿನ ದಿನಗಳನ್ನು ಯಾವ ಗೊಂಬೆಯೂ ತೋರಿಸುವುದಿಲ್ಲ. ಅದು ಎರಡು ತುದಿಗಳನ್ನು ತೋರಿಸಿ ಮಧ್ಯದ ದಾರಿಯನ್ನು ಬಿಟ್ಟುಬಿಡುತ್ತದೆ, ಜನ ಕೈಚೆಲ್ಲುವುದು ಆ ದಾರಿಯಲ್ಲಿ.

ಕೊನೆಗೆ 76ಕ್ಕೆ ಬಂದಾಗ ಹೊಟ್ಟೆಯ ಕೊಬ್ಬು ಬಹುಪಾಲು ಹೋಗಿತ್ತು, ಚರ್ಮ ಉಳಿದಿತ್ತು. ಗಾಳಿ ಹೋದ ಚೀಲದಂತೆ ಸೊಂಟದ ಮೇಲೆ ಮಡಚಿಕೊಂಡಿರುತ್ತದೆ. ನನಗೀಗ 52, ಇನ್ನು ಅದು ಪೂರ್ತಿ ಬಿಗಿಯಾಗುವುದೆಂದು ನಾನು ಕಾಯುತ್ತಿಲ್ಲ. ಗೊಂಬೆಗೆ ಚರ್ಮವೇ ಇಲ್ಲವಲ್ಲ, ಅದಕ್ಕೇನು ಗೊತ್ತು.

ಹಾಗಿದ್ದೂ ಆ ಗೊಂಬೆಯಿಂದ ನನಗೆ ಒಂದು ಪ್ರಯೋಜನವಾಯಿತೆಂದು ಒಪ್ಪಿಕೊಳ್ಳಬೇಕು. 92ರ ಗೊಂಬೆಯನ್ನು ನೋಡಿದಾಗ ಮೊದಲ ಬಾರಿಗೆ ನನ್ನ ಆಗಿನ ರೂಪವನ್ನು ಹೊರಗಿನವನಾಗಿ ಕಂಡೆ. ಆಷಾಢದ ಮಳೆಯಲ್ಲಿ ಹೊರಗೆ ಕಾಲಿಟ್ಟರೆ ಉಂಬಳಗಳ ಕಾಟವಾದ್ದರಿಂದ, ಜಗುಲಿಯ ಈ ತುದಿಯಿಂದ ಆ ತುದಿಗೆ ದಿನಕ್ಕೆ ಮುಕ್ಕಾಲು ಗಂಟೆ ನಡೆದದ್ದು ಆ ನೋಟದ ಬಲದಿಂದಲೇ.

ಶಿವಮೊಗ್ಗದ ಆಹಾರ ತಜ್ಞೆ

ಹೊಸನಗರದವರು ವಿವರಿಸಿದ್ದು ತೀರ ಸಹಜವಾದ ಕ್ರಮ. ಕೊಬ್ಬು ಎಲ್ಲಿಂದ ಮೊದಲು ಕರಗಬೇಕೆಂಬುದನ್ನು ಅನುವಂಶೀಯತೆ, ಹಾರ್ಮೋನು, ವಯಸ್ಸು ನಿರ್ಧರಿಸುತ್ತವೆ. ಹೊಟ್ಟೆಯ ವ್ಯಾಯಾಮ ಮಾಡಿದವರಿಗೆ ಹೊಟ್ಟೆಯ ಕೊಬ್ಬೇ ಮೊದಲು ಕರಗುವುದಿಲ್ಲ. ಇಳಿದ ತೂಕವೆಲ್ಲ ಕೊಬ್ಬೂ ಅಲ್ಲ. ಆಹಾರವನ್ನು ಮಾತ್ರ ಕಡಿಮೆ ಮಾಡಿ ಇಳಿದವರಲ್ಲಿ ಸುಮಾರು ಕಾಲುಭಾಗ ಸ್ನಾಯು ಮುಂತಾದ ಕೊಬ್ಬಲ್ಲದ ಅಂಶವಾಗಿರುತ್ತದೆ. ಭಾರ ಎತ್ತುವ ವ್ಯಾಯಾಮ ಮಾಡಿ, ಬೇಳೆ, ಮೊಸರು, ಮೊಟ್ಟೆಗಳಂಥ ಪ್ರೋಟೀನನ್ನು ಸಾಕಷ್ಟು ತೆಗೆದುಕೊಂಡರೆ ಈ ನಷ್ಟ ಕಡಿಮೆಯಾಗುತ್ತದೆ. ಒಂದೇ 60 ಕೆ.ಜಿ.ಯಲ್ಲಿ ಸ್ನಾಯು ಉಳಿಸಿಕೊಂಡವರ ದೇಹ ಬೇರೆ, ಕಳೆದುಕೊಂಡವರ ದೇಹ ಬೇರೆ ಎಂಬುದು ಎರಡು ಅಂಕಿ ಕೇಳುವ ಸಾಧನಕ್ಕೆ ಕಾಣಿಸುವಂತಿಲ್ಲ.

ನಮ್ಮ ಜನರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಚಿತ್ರವೊಂದನ್ನು ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ, ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯರ ಹೊಟ್ಟೆಯೊಳಗೂ ಕೊಬ್ಬು ಅವಿತುಕೊಂಡಿರುತ್ತದೆ. ಅಮೆರಿಕ, ಯುರೋಪಿನ ಸ್ಕ್ಯಾನ್‌ಗಳಿಂದ ಕಲಿತ ಗೊಂಬೆಗೆ ಈ ಸಂಗತಿ ತಿಳಿದಿರುವುದು ಹೇಗೆ ಸಾಧ್ಯ? ಆದ್ದರಿಂದಲೇ ನಮ್ಮವರಿಗೆ ಬಿಎಂಐ 25ರ ಬದಲು 23 ದಾಟಿದರೆ ಹೆಚ್ಚಿನ ತೂಕವೆಂದೂ, ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಮೀರಿದರೆ ಎಚ್ಚರ ಬೇಕೆಂದೂ ಪರಿಗಣಿಸುತ್ತೇವೆ.

ಮೇಡಂ, ನಿಮ್ಮ ವೈದ್ಯರು ಐದಾರು ಕೆ.ಜಿ. ಎಂದರು, ನೀವು ಆ್ಯಪ್‌ಗೆ ಹದಿನೆಂಟು ಕೆ.ಜಿ. ಇಳಿಸಲು ಹೇಳಿದಿರಿ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಈ ಅಂತರ. ಅಮೆರಿಕದಲ್ಲಿ ನಿಮ್ಮಂತೆ ಹೊಸ್ತಿಲಲ್ಲಿದ್ದ 3,234 ಮಂದಿಯನ್ನು ಒಳಗೊಂಡು ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದಲ್ಲಿ, ಜೀವನಕ್ರಮ ಬದಲಿಸಿಕೊಂಡ ಗುಂಪಿಗೆ ಕೊಟ್ಟ ಗುರಿ ದೇಹತೂಕದ ಶೇ. 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯಂಥ ವ್ಯಾಯಾಮ. ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆಗೆ ಜಾರುವವರ ಪ್ರಮಾಣ ಶೇ. 58ರಷ್ಟು ತಗ್ಗಿತು. 78 ಕೆ.ಜಿ.ಯಲ್ಲಿ ಶೇ. 7 ಎಂದರೆ ಸುಮಾರು ಐದೂವರೆ ಕೆ.ಜಿ.; ನಿಮ್ಮ ವೈದ್ಯರು ಹೇಳಿದ್ದೂ ಅಷ್ಟನ್ನೇ. ಚೆನ್ನೈನ ಡಾ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ನಮ್ಮ ದೇಶದ ಅಧ್ಯಯನವಂತೂ ಇನ್ನೂ ಕುತೂಹಲಕರ. ಅಲ್ಲಿ ಜೀವನಕ್ರಮ ಬದಲಿಸಿಕೊಂಡವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲದೆಯೇ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು. ಅಂಥವರ ಮುಂಚಿನ ಮತ್ತು ನಂತರದ ಗೊಂಬೆಗಳನ್ನು ಪಕ್ಕಪಕ್ಕ ನಿಲ್ಲಿಸಿದ್ದರೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಛಲದ ಬಗ್ಗೆ ಕೇಳಿದ್ದೀರಿ. ಮನಶ್ಶಾಸ್ತ್ರಜ್ಞರಾದ ಗೇಬ್ರಿಯೆಲ್ ಓಟಿಂಗನ್ ಮತ್ತು ಥಾಮಸ್ ವಾಡೆನ್ 1991ರಲ್ಲಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ 25 ಹೆಂಗಸರನ್ನು ಗಮನಿಸಿ ಬರೆದಿದ್ದಾರೆ. ತಮ್ಮಿಂದ ಇದು ಸಾಧ್ಯವೆಂದು ನಂಬಿದವರು ಹೆಚ್ಚು ಇಳಿಸಿಕೊಂಡರು; ತೆಳ್ಳಗಾದ ತಮ್ಮ ರೂಪವನ್ನು ಕಲ್ಪಿಸಿಕೊಂಡು ಸುಖಪಟ್ಟವರು ಕಡಿಮೆ ಇಳಿಸಿಕೊಂಡರು. ಕಲ್ಪನೆಯಲ್ಲಿಯೇ ಊಟವಾದರೆ ಹಸಿವು ಎಲ್ಲಿಂದ ಬರಬೇಕು? ರಾತ್ರಿ ನೋಡಿ ಬೆಳಿಗ್ಗೆ ಕೋಪಿಸಿಕೊಳ್ಳುವ ಆ ಚಿತ್ರವನ್ನು ಇಂದೇ ಅಳಿಸಿಬಿಡಿ. ಗೊಂಬೆಯನ್ನೂ ನೋಡಬೇಡಿ ಎಂದೇ ನನ್ನ ಸಲಹೆ. ಆ ಕೋಪ ಊಟ ಬಿಡುವ ಹಂತಕ್ಕೆ ಹೋಗುತ್ತಿದ್ದರೆ ಮನೋವೈದ್ಯರೊಂದಿಗೆ ಮಾತನಾಡಲು ಸಂಕೋಚಪಡಬೇಡಿ.

ಹೊಸನಗರದ ಅಡಿಕೆ ಬೆಳೆಗಾರ

ಅಮ್ಮಾ, ತಮ್ಮ ಮಾತಿಗೆ ಎದುರಾಡುತ್ತಿಲ್ಲ. ಆದರೆ ಕೊನೆಯ ಸಲಹೆ ಎಲ್ಲರಿಗೂ ಹೊಂದುವುದಿಲ್ಲವೆಂದು ತೋರುತ್ತದೆ. ನಾನು 76ರ ಗೊಂಬೆಯನ್ನು ಒಂದೇ ಬಾರಿ ನೋಡಿದೆ. ಆಮೇಲೆ ಮಗನಿಗೆ ಪ್ರತಿ ಸಲವೂ ಮುಂದಿನ ನಾಲ್ಕು ಕೆ.ಜಿ.ಯ ಗೊಂಬೆಯನ್ನಷ್ಟೇ ತೋರಿಸಲು ಹೇಳಿದ್ದೆ. 92ರದಕ್ಕೂ 88ರದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಎಷ್ಟು ಅಲ್ಪವೆಂದರೆ, ನಾಲ್ಕು ಕೆ.ಜಿ. ಇಳಿದ ಮೇಲೂ ಕನ್ನಡಿಯಲ್ಲಿ ಏನೂ ಬದಲಾಗದಿದ್ದಾಗ ನನಗೆ ನಿರಾಶೆಯಾಗಲಿಲ್ಲ. ಇಷ್ಟೇ ಕಾಣುವುದೆಂದು ಮೊದಲೇ ತಿಳಿದಿತ್ತು. ಜೊತೆಗೆ ಪ್ರತಿ ಸಂಕ್ರಮಣದ ದಿನ ಜಗುಲಿಯ ಅದೇ ಕಂಬದ ಪಕ್ಕದಲ್ಲಿ, ಅದೇ ಅಂಗಿಯಲ್ಲಿ ನಿಂತು ಮನೆಯವಳಿಂದ ಫೋಟೊ ತೆಗೆಸಿಕೊಂಡೆ.

ವಿನೋಬನಗರದ ತಂತ್ರಾಂಶಿಗ

ಇಬ್ಬರ ಮಾತಿಗೂ ಆಧಾರವಿದೆ. 2009ರಲ್ಲಿ ಸ್ಟ್ಯಾನ್‌ಫರ್ಡ್‌ನ ಫಾಕ್ಸ್ ಮತ್ತು ಬೈಲೆನ್ಸನ್ ಎಂಬ ಸಂಶೋಧಕರು ಜನರಿಗೆ ಅವರದೇ ಮುಖವಿರುವ ಗೊಂಬೆಯನ್ನು ತೋರಿಸಿ, ಅವರು ವ್ಯಾಯಾಮ ಮಾಡಿದಂತೆಲ್ಲ ಅದು ತೆಳ್ಳಗಾಗುವಂತೆಯೂ ಸುಮ್ಮನೆ ನಿಂತರೆ ದಪ್ಪಗಾಗುವಂತೆಯೂ ಮಾಡಿದ್ದರು. ಅದನ್ನು ಕಂಡವರು ಮುಂದೆ ತಾವಾಗಿಯೇ ಹೆಚ್ಚು ವ್ಯಾಯಾಮ ಮಾಡಿದರು. ಪರರ ಮುಖದ ಗೊಂಬೆಗೆ ಆ ಪರಿಣಾಮ ಇರಲಿಲ್ಲ. ಅಲ್ಲಿ ಚಿತ್ರವು ಮಾಡಿದ ಕೆಲಸಕ್ಕೆ ಅಂಟಿಕೊಂಡಿತ್ತು. ಮಲಗುವ ಮುನ್ನ ನೋಡುವ ಚಿತ್ರಕ್ಕೆ ಅಂಥ ಕೊಂಡಿಯಿಲ್ಲ.

ಕಂಬದ ಪಕ್ಕದ ಫೋಟೊಗೆ ಒಂದು ಸೂಚನೆ ಸೇರಿಸುತ್ತೇನೆ. ಮೊಬೈಲನ್ನು ಹತ್ತಿರದಿಂದ ಹಿಡಿದರೆ ಅದರ ಎದುರಿಗಿರುವ ಅಂಗ ಉಬ್ಬಿ ಕಾಣುತ್ತದೆ, ಮೇಲಿನಿಂದ ಹಿಡಿದರೆ ಕಾಲು ಗಿಡ್ಡವಾಗುತ್ತದೆ. ಎರಡು ಮೂರು ಮೀಟರ್ ದೂರದಲ್ಲಿ, ಹೊಕ್ಕುಳಿನ ಎತ್ತರಕ್ಕೆ, ಪ್ರತಿ ಬಾರಿಯೂ ಅದೇ ಬೆಳಕಿನಲ್ಲಿ ತೆಗೆದರೆ ಮಾತ್ರ ಒಂದಕ್ಕೊಂದು ಹೋಲಿಸಬಹುದು.

ಸಾಗರದ ದರ್ಜಿ

ಮೂವತ್ತೊಂದು ವರ್ಷಗಳಿಂದ ಸಾಗರದಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿರುವವಳು ನಾನು. ನನ್ನ ಅಂಗಡಿಯ ಅಳತೆ ಪುಸ್ತಕದಲ್ಲಿ ಕೆಲವರ ಅಳತೆ ಮದುವೆಯಿಂದ ಹಿಡಿದು ಮಗಳ ಮದುವೆಯವರೆಗೂ ಇದೆ.

ಟೀಚರಮ್ಮ, ನಿಮ್ಮ ಆ ಚಿತ್ರ ಸುಳ್ಳೆನ್ನಲು ಕಂಪ್ಯೂಟರ್ ಬೇಕಿಲ್ಲ. ಭುಜ ಕಿರಿದಾಗಿತ್ತು ಎಂದು ನೀವೇ ಬರೆದಿದ್ದೀರಿ. ಭುಜದ ಅಗಲ ಮೂಳೆಯದು. ಇಪ್ಪತ್ತು ಕೆ.ಜಿ. ಇಳಿದು ಬಂದವರಿಗೂ ನಾನು ಭುಜದ ಅಳತೆಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಬದಲಿಸಿದ ನೆನಪಿಲ್ಲ. ತೋಳಿನ ಸುತ್ತು, ಎದೆಯ ಕೆಳಗಿನ ಸುತ್ತು, ಕಂಕುಳ ಇವು ಮೊದಲು ಸಡಿಲವಾಗುತ್ತವೆ. ಎಷ್ಟೋ ಸಲ ತಕ್ಕಡಿಯಲ್ಲಿ ತೂಕ ನಿಂತೇ ಇರುವ ತಿಂಗಳಲ್ಲಿಯೂ ರವಿಕೆ ಅರ್ಧ ಇಂಚು ಒಳಗೆ ಬಂದಿರುತ್ತದೆ, ಅದನ್ನು ಅವರು ನನ್ನ ಟೇಪಿನಲ್ಲಿ ನೋಡಿ ಖುಷಿಪಡುತ್ತಾರೆ.

ಇನ್ನೊಂದು ಮಾತು. ಗುರಿಯ ಅಳತೆಗೆ ಮೊದಲೇ ರವಿಕೆ ಹೊಲಿಸಿ ಗೋಡೆಗೆ ನೇತುಹಾಕಿಕೊಳ್ಳುವವರಿದ್ದಾರೆ. ನಾನು ಹೊಲಿದುಕೊಡುವುದಿಲ್ಲ. ತೋಳು ಮತ್ತು ಪಕ್ಕೆಯ ಅಳತೆಗಳು ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲವಾದ್ದರಿಂದ ಊಹೆಯಲ್ಲಿ ಹೊಲಿದದ್ದು ಕೊನೆಗೂ ಕೂರುವುದಿಲ್ಲ, ಬಟ್ಟೆ ದಂಡ. ಈಗಿರುವುದನ್ನೇ ಒಳಗೆ ಒಂದು ಹೊಲಿಗೆ ಹಾಕಿಸಿ, ಕತ್ತರಿಸಬೇಡಿ.

ತೀರ್ಥಹಳ್ಳಿ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಿಸಲು ಆರು ವಾರ ತಡವಾಯಿತು, ಬರೆಯುವುದಕ್ಕೆ ಕೈಯಲ್ಲಿ ಏನಾದರೂ ಇರಲಿ ಎಂದು ಕಾದೆ.

ಆ್ಯಪ್‌ನ ಖಾತೆಯನ್ನು ಅಣ್ಣನ ಮಗಳ ಕೈಯಿಂದಲೇ ಅಳಿಸಿಸಿದೆ. ಅವಳಿಗೆ ತುಸು ಬೇಸರವಾಯಿತು, ತಿಳಿಸಿ ಹೇಳಿದ ಮೇಲೆ ತನ್ನ ಗೆಳತಿಯರಿಗೂ ಹೇಳುವೆನೆಂದಳು. ನನ್ನ ಮೊಬೈಲಿನ ಚಿತ್ರವನ್ನು ಮಾತ್ರ ನಾನು ಇನ್ನೂ ಒಂದು ವಾರ ಇಟ್ಟುಕೊಂಡಿದ್ದೆ. ಆ ಭುಜದ ಮಾತು ಓದಿದ ಮೇಲೆ ಅದನ್ನು ನೋಡಿದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗಿ, ಇದು ಯಾರದೋ ಮೂಳೆ ಎನ್ನಿಸತೊಡಗಿತು. ಆಮೇಲೆ ಅಳಿಸುವುದು ಕಷ್ಟವಾಗಲಿಲ್ಲ.

ಗೊಂಬೆಯನ್ನು ಹೊಸನಗರದವರ ಕ್ರಮದಲ್ಲಿ ಒಂದು ಬಾರಿ ನೋಡಿದೆ, ಗುರಿ 74 ಎಂದು ಕೊಟ್ಟು. 78ರ ಗೊಂಬೆಗೂ ಅದಕ್ಕೂ ವ್ಯತ್ಯಾಸ ಹುಡುಕಲು ಕನ್ನಡಕ ಹಾಕಿಕೊಳ್ಳಬೇಕಾಯಿತು. ಈಗ ತೂಕ 75.8. ಸೊಂಟದ ಸುತ್ತಳತೆ 98 ಸೆಂ.ಮೀ. ಇದ್ದದ್ದು 95 ಆಗಿದೆ; ಬೆಳಿಗ್ಗೆ ತಿಂಡಿಗೆ ಮುಂಚೆ, ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವಿನ ಜಾಗದಲ್ಲಿ ಅಳೆಯುತ್ತೇನೆ, ಟೇಪು ಹಿಂಬದಿಯಲ್ಲಿ ಜಾರದಂತೆ ಮನೆಯವರು ಹಿಡಿದುಕೊಳ್ಳುತ್ತಾರೆ. ಮುಖ ಸ್ವಲ್ಪ ಇಳಿದಿರಬೇಕು. ಮೊನ್ನೆ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು, "ಏಕೆ ಬಾಡಿದ್ದೀರಿ, ಜ್ವರವೆ?" ಎಂದು ಕೇಳಿದಾಗ ಅಡಿಕೆ ತೋಟದವರ ನೆಂಟರು ನೆನಪಾಗಿ ನಗು ಬಂತು.

ರಕ್ತ ಪರೀಕ್ಷೆ ಇನ್ನು ಏಳು ವಾರಕ್ಕಿದೆ, ಅಂಕಿಯನ್ನು ಇಲ್ಲಿಯೇ ಬರೆಯುತ್ತೇನೆ. ಸಾಗರದ ಅಮ್ಮನವರಿಗೆ ಒಂದು ಪ್ರಶ್ನೆ ಉಳಿದಿದೆ: ರೇಷ್ಮೆ ರವಿಕೆಗೆ ಒಳಗೆ ಹೊಲಿಗೆ ಹಾಕಿಸಿ ಮತ್ತೆ ಬಿಚ್ಚಿದರೆ ಸೂಜಿಯ ತೂತುಗಳು ಉಳಿಯುತ್ತವಲ್ಲ, ಅದಕ್ಕೇನು ಮಾಡುತ್ತೀರಿ?

ಸಾಗರದ ದರ್ಜಿ

ರೇಷ್ಮೆಯದನ್ನು ಸದ್ಯಕ್ಕೆ ಮುಟ್ಟಬೇಡಿ, ಹತ್ತಿಯವನ್ನಷ್ಟೇ ಕೊಡಿ. ರೇಷ್ಮೆಯದಕ್ಕೆ ಕೈಹೊಲಿಗೆಯಲ್ಲಿ ದೂರ ದೂರಕ್ಕೆ ಟಾಕು ಹಾಕಿಕೊಂಡು ಉಟ್ಟರೆ ಸಾಕು. ನಿಮ್ಮ ತೂಕ ಒಂದು ಕಡೆ ನಿಂತು ಮೂರು ತಿಂಗಳು ಕಳೆಯಲಿ, ಆಮೇಲೆ ಯಂತ್ರದ ಹೊಲಿಗೆ ಹಾಕೋಣ.